ವನಜಮ್ಮನ ಮಾತ್ರೆ ಡಬ್ಬಿ, ಊರಬಾಗಿಲ ಕತ್ತಿ

ಏಳು ಬೆಟ್ಟದಾಚೆ, ಎಂಟು ಹೊಳೆಯೀಚೆ ಒಂದು ಊರಿತ್ತಂತೆ. ಆ ಊರಬಾಗಿಲಿನಲ್ಲಿ ಒಂದು ಕತ್ತಿ ತೂಗುಹಾಕಿದ್ದರಂತೆ. ಅದು ಅಂತಿಂಥ ಕತ್ತಿಯಲ್ಲ. ಕಾವಲುಗಾರ ಅದನ್ನು ಒರೆಯಿಂದ ಎಳೆದರೆ ಸಾಕು, ಕಳ್ಳರು ಹೊಳೆ ಹಾರಿ ಓಡುತ್ತಿದ್ದರಂತೆ.

ಕತ್ತಿ ಅಷ್ಟು ಚೆನ್ನಾಗಿದೆಯೆಂದು ಊರವರಿಗೆ ಸಲುಗೆ ಬೆಳೆಯಿತು. ಒಬ್ಬಳು ಕುಂಬಳಕಾಯಿ ಹೆಚ್ಚಲು ಒಯ್ದಳು. ಒಬ್ಬ ಕಾಗೆ ಓಡಿಸಲು ಒಯ್ದ. ಕಾವಲುಗಾರನಿಗೂ ಸೋಮಾರಿತನ ಹತ್ತಿತು. ಕಳ್ಳರನ್ನು ಅರ್ಧ ದಾರಿ ಅಟ್ಟಿ, ಓಡಿದರಲ್ಲ ಸಾಕು ಎಂದು ಊಟಕ್ಕೆ ವಾಪಸಾಗುತ್ತಿದ್ದ. ಓಡಲಾರದೆ ಪೊದೆಯಲ್ಲಿ ಅಡಗಿದ ನಾಲ್ಕೈದು ಮಂದಿ ಕಳ್ಳರು, ಕತ್ತಿ ಯಾವ ಕಡೆಯಿಂದ ಬೀಸುತ್ತದೆ, ಎಷ್ಟು ಎತ್ತರಕ್ಕೆ ಏಳುತ್ತದೆ ಎಂದು ನೋಡಿ ನೋಡಿ ಕಲಿತರು. ಅದಕ್ಕೆ ತಕ್ಕ ಗುರಾಣಿ ಮಾಡಿಕೊಂಡರು. ಗುರಾಣಿಯ ವಿದ್ಯೆಯನ್ನು ನೆಂಟರಿಷ್ಟರಿಗೂ ಹೇಳಿಕೊಟ್ಟರು. ಒಂದು ದಿನ ಕಾವಲುಗಾರ ಕತ್ತಿ ಬೀಸಿದರೆ ಬರೀ ಠಣ್ ಎಂಬ ಸದ್ದು. ಕಳ್ಳರು ನಕ್ಕುಬಿಟ್ಟರು.

ಆಗ ಆ ಊರಿನ ಮುದುಕಿಯೊಬ್ಬಳು ಕೋಲೂರಿಕೊಂಡು ಕಮ್ಮಾರನ ಕುಲುಮೆಗೆ ಹೋದಳಂತೆ. “ಹೊಸ ಆಯುಧ ಮಾಡಿಕೊಡಪ್ಪ” ಎಂದಳಂತೆ. ಕಮ್ಮಾರ ತಲೆಯೆತ್ತಿ ನೋಡಿ ಒಂದು ಮಾತು ಹೇಳಿದನಂತೆ.

“ಏನಂದ ಅಜ್ಜಿ?” ಎಂದು ಮೊಮ್ಮಗಳು ಅನುಶ್ರೀ ಎಷ್ಟು ಸಲ ಕೇಳಿದ್ದಾಳೋ. ವನಜಮ್ಮನಿಗೆ ಗೊತ್ತಿದ್ದರೆ ತಾನೆ! ಅವಳ ಅವ್ವ ಕಥೆಯನ್ನು ಇಲ್ಲಿಗೆ ತರುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದಳು. ಹಾಸನದ ಕಡೆಯಿಂದ ಅವ್ವನ ಜೊತೆ ಬಂದ ಆ ಕಥೆ, ಕುಶಾಲನಗರದಾಚೆ ಹಾರಂಗಿ ಕಾಲುವೆಯ ದಂಡೆಯ ಈ ಮನೆಯಲ್ಲಿ ಐವತ್ತು ವರ್ಷಗಳಿಂದ ಬಾಲವಿಲ್ಲದೆ ಕುಳಿತಿತ್ತು.

ಆ ಮನೆಯ ಅಟ್ಟದ ಮೇಲೆ ಇನ್ನೊಂದು ಹಳೆಯ ವಸ್ತುವಿತ್ತು. ಬಿಸ್ಕತ್ತಿನ ತಗಡಿನ ಡಬ್ಬಿ. ಅದರಲ್ಲಿ ಮಾತ್ರೆಗಳು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಗಾಯವಾದರೂ ಡಾಕ್ಟರು ಕೊಟ್ಟ ಮಾತ್ರೆಯಲ್ಲಿ ಅರ್ಧ ಹೊಟ್ಟೆಗೆ, ಅರ್ಧ ಡಬ್ಬಿಗೆ. ಹೆಪ್ಪಿಗೆ ಮಜ್ಜಿಗೆ ಬೇಕೆಂದು ಬಂದವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ಆ ಬೀದಿಯಲ್ಲಿಲ್ಲ. ವನಜಮ್ಮ ಮಾತ್ರೆಯನ್ನೂ ಹಾಗೆಯೇ ಕೊಡುತ್ತಿದ್ದಳು. ಕೆಮ್ಮಿಗೆ ಎರಡು, ಹಲ್ಲುನೋವಿಗೆ ಎರಡು, ಬಾಣಂತಿಗೆ ಒಂದು. ಬೀದಿಯ ಹೆಂಗಸರು ಅವಳನ್ನು ಡಬ್ಬಿ ವನಜಕ್ಕ ಎನ್ನುತ್ತಿದ್ದರು. ಅವಳಿಗೆ ಅದರಲ್ಲಿ ಹೆಮ್ಮೆಯೇ.

ಮಾಘ ಮಾಸದಲ್ಲಿ ಶುಂಠಿ ಕೀಳುವಾಗ ಗುದ್ದಲಿಯ ಮೂಲೆ ಅವಳ ಎಡಗಾಲಿನ ಕಿರುಬೆರಳಿನ ಪಕ್ಕಕ್ಕೆ ತಾಗಿತು. ಕಾಲುವೆ ನೀರಿನಲ್ಲಿ ತೊಳೆದಳು. ಡಬ್ಬಿ ಇಳಿಸಿ, ಕ್ಯಾಪ್ಸೂಲ್ ಒಂದನ್ನು ಬಿಚ್ಚಿ, ಪುಡಿಯನ್ನು ಗಾಯದ ಮೇಲೆ ಉದುರಿಸಿ, ಹಳೆ ಸೀರೆಯ ಚೂರು ಕಟ್ಟಿದಳು. ಮೂರು ದಿನಕ್ಕೆ ಗಾಯ ಮೇಲ್ಗಡೆ ಒಣಗಿದಂತೆ ಕಂಡಿತು. ಹದಿನೈದು ದಿನವಾದರೂ ಒಳಗೆ ಒಣಗಲಿಲ್ಲ. ವಾಸನೆ ಶುರುವಾಯಿತು.

ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಉಪಕೇಂದ್ರಕ್ಕೆ ಹೋದಾಗ ಅಲ್ಲಿಯ ಆರೋಗ್ಯ ಅಧಿಕಾರಿ ವಿನುತಾ ಕಾಲಿನ ಕಟ್ಟು ನೋಡಿದಳು. ಬಿಚ್ಚಿಸಿದಳು. ಅವಳ ಮುಖ ಸಣ್ಣದಾಯಿತು.

“ಅಮ್ಮ, ಇದಕ್ಕೇನು ಹಾಕಿದ್ದೀರಿ?”

“ಕ್ಯಾಪ್ಸೂಲ್ ಪುಡಿ ಕಣವ್ವ. ನಮ್ಮ ಬೀದೀಲಿ ಎಲ್ರೂ ಅಂಗೇ ಮಾಡೋದು. ನುಂಗಿದ್ರೆ ಅದು ಹೊಟ್ಟೆಗೋಗಿ, ಅಲ್ಲೆಲ್ಲ ಸುತ್ತಾಡ್ಕೊಂಡು ಕಾಲಿಗೆ ಬರ್ಬೇಕು. ನೆಟ್ಟಗೆ ಕಾಲಿಗೇ ಹಾಕಿದ್ರೆ ಬಸ್ ಚಾರ್ಜ್ ಉಳೀತಲ್ಲ!”

ವಿನುತಾಗೆ ನಗು ಬಂದರೂ ನಗಲಿಲ್ಲ. “ಆ ಪುಡಿ ಮೇಲ್ಮೇಲಿನ ರೋಗಾಣುನ ಮಾತ್ರ ಸಾಯಿಸುತ್ತೆ ಅಮ್ಮ. ಒಳಗೆ ಉಳಿದಿರೋವು ಆ ಔಷಧಿನ ತಡ್ಕೊಳ್ಳೋದು ಕಲಿತ್ಕೊಳ್ತವೆ. ಆಮೇಲೆ ಅದೇ ಔಷಧಿ ಕೊಟ್ರೂ ಅವಕ್ಕೆ ಏನೂ ಆಗಲ್ಲ. ನಿಮಗೆ ಸಕ್ಕರೆ ಬೇರೆ ಇದೆ. ಇವತ್ತೇ ಕುಶಾಲನಗರದ ಆಸ್ಪತ್ರೆಗೆ ಹೋಗಿ. ಮತ್ತೆ, ನಿಮ್ಮ ಮನೇಲಿ ಒಂದು ಡಬ್ಬಿ ಇದೆಯಂತಲ್ಲ, ಅದನ್ನ ನಂಗೆ ತಂದ್ಕೊಡಿ. ಹಳೇ ಮಾತ್ರೆ ಏನು ಮಾಡ್ಬೇಕೋ ನಾವು ಮಾಡ್ತೀವಿ.”

ವನಜಮ್ಮನಿಗೆ ಡಬ್ಬಿಯ ಮಾತು ಹಿಡಿಸಲಿಲ್ಲ. ತಪ್ಪಿಸಿಕೊಳ್ಳಲು ಹೇಳಿದಳು: “ಈಗ ಬ್ಯಾಡ ಕಣವ್ವ. ನನ್ನ ಕಾಲು ವಾಸಿಯಾಗ್ಲಿ. ಇದೇ ಕಾಲಲ್ಲಿ ನಡ್ಕೊಂಡು ಬಂದು ನಾನೇ ನಿನ್ನ ಮೇಜಿನ ಮ್ಯಾಲೆ ಮಡಗ್ತೀನಿ. ಭಾಷೆ.”

“ಭಾಷೆ ಅಂದ್ರೆ ಭಾಷೆ ಅಮ್ಮ. ನಾನು ಮರೆಯಲ್ಲ” ಎಂದಳು ವಿನುತಾ.

ಆಸ್ಪತ್ರೆಯಲ್ಲಿ ಕೀವಿನ ಮಾದರಿ ತೆಗೆದು ಮಡಿಕೇರಿಗೆ ಕಳಿಸಿದರು. ಮೂರು ದಿನಕ್ಕೆ ಚೀಟಿ ಬಂತು. ಹನ್ನೆರಡು ಬಗೆಯ ಔಷಧಿಗಳನ್ನು ಆ ರೋಗಾಣುವಿನ ಮೇಲೆ ಪರೀಕ್ಷೆ ಮಾಡಿದ್ದರು. ಹತ್ತು ಔಷಧಿಗೆ ಅದು ಜಗ್ಗಿರಲಿಲ್ಲ. ಎರಡು ಮಾತ್ರ ಉಳಿದಿದ್ದವು.

“ಈ ಎರಡರಲ್ಲಿ ಒಂದನ್ನ ಈಗ ಕೊಡ್ತೀನಿ” ಎಂದರು ಡಾಕ್ಟರಮ್ಮ. “ಹದಿನಾಲ್ಕು ದಿನ. ಒಂದು ಹೊತ್ತೂ ತಪ್ಪಿಸ್ಬಾರದು. ನಡುವೆ ಬಿಟ್ರೆ ಕಾಲು ಉಳಿಸೋದು ಕಷ್ಟ ಆಗುತ್ತೆ, ಮುಚ್ಚುಮರೆ ಇಲ್ದೆ ಹೇಳ್ತಿದ್ದೀನಿ.”

ವನಜಮ್ಮನ ಗಂಡ ನಾಗರಾಜು ಮನೆಗೆ ಬಂದು ಜಗುಲಿಯಲ್ಲಿ ಕುಳಿತು ಗೊಣಗಿದ. “ಹತ್ತು ಮದ್ದು ಹಿಡಿಯಲ್ವಂತೆ! ಅದೆಂಗೆ? ಮದ್ದು ಅಂದ್ರೆ ಮದ್ದು. ಇವರು ಏನೋ ಹೆದರಿಸ್ತಾರೆ ಬುಡು.”

ಅನುಶ್ರೀ ಕಾಲೇಜಿನಿಂದ ಆಗಷ್ಟೇ ಬಂದಿದ್ದಳು. ಎರಡನೇ ವರ್ಷದ ಬಿಎಸ್‌ಸಿ. “ತಾತ, ಶುಂಠಿ ಕೊಳೆರೋಗಕ್ಕೆ ಹೋದ ವರ್ಷ ಹೊಡೆದ ಔಷಧಿನ ಈ ವರ್ಷ ಯಾಕೆ ಬದಲಾಯಿಸಿದ್ರಿ?”

“ಅದು ಈಗ ಹಿಡಿಯಲ್ಲ ಕಣ್ ಮಗ. ಎಲ್ರೂ ಅದನ್ನೇ ಹೊಡ್ದು ಹೊಡ್ದು...” ಎಂದವನು ಅಲ್ಲಿಗೇ ನಿಂತ. ಸ್ವಲ್ಪ ಹೊತ್ತು ಅಂಗಳದಲ್ಲಿ ರಾಶಿ ಹಾಕಿದ್ದ ಶುಂಠಿಯನ್ನೇ ನೋಡಿದ. “ಓ. ಕಾಲಿಗೂ ಅಂಗೇಯಾ?”

“ಕಾಲಿಗೂ ಹಂಗೇ.”

ನಾಗರಾಜು ಎದ್ದುಹೋಗಿ ಕ್ಯಾಲೆಂಡರಿನಲ್ಲಿ ಹದಿನಾಲ್ಕು ದಿನಕ್ಕೂ ಇದ್ದಿಲಿನಿಂದ ಗೆರೆ ಎಳೆದ. ಆದರೆ ಹೆಂಡತಿಗೆ ಅದನ್ನು ಹೇಳಲಿಲ್ಲ.

ಆರನೇ ದಿನಕ್ಕೆ ಬಾವು ಇಳಿಯಿತು. ವಾಸನೆ ಹೋಯಿತು. ವನಜಮ್ಮ ಒಲೆಯ ಮುಂದೆ ಕುಳಿತು ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದಾಗ ಅನುಶ್ರೀ ಕುಣಿಯುತ್ತಾ ಬಂದಳು. ಕಾಲೇಜಿಗೆ ಯಾರೋ ಸಂಶೋಧಕಿ ಬಂದು ಉಪನ್ಯಾಸ ಕೊಟ್ಟಿದ್ದರು. ಹುಡುಗಿಯ ಕಣ್ಣಲ್ಲಿ ಇನ್ನೂ ಅದೇ ಇತ್ತು.

“ಅಜ್ಜಿ, ನಿನ್ನ ಕಮ್ಮಾರ ಸಿಕ್ಕಿಬಿಟ್ಟ!”

“ಯಾವ ಕಮ್ಮಾರನೇ?”

“ಕತ್ತಿ ಕಥೆಯವನು. ಒಂದು ತುತ್ತು ಅವಲಕ್ಕಿನ ಚೆನ್ನಾಗಿ ಅಗಿ ನೋಡು. ಸಿಹಿ ಆಗುತ್ತಲ್ಲ? ಅದು ಎಂಜಲಲ್ಲಿರೋ ಕಿಣ್ವದ ಕೆಲಸ. ತಾನು ಕರಗದೆ, ಬೇರೆಯದನ್ನ ಬದಲಾಯಿಸೋ ಕೆಲಸಗಾರ ಅದು. ನಮ್ಮ ಮೈಯೊಳಗೆ ಅಂಥವು ಸಾವಿರಾರು ಇವೆ.”

“ಅದಕ್ಕೇ ಏನೋ ಮುದ್ದೇನ ಅಗೀದೆ ನುಂಗೋದು” ಎಂದ ನಾಗರಾಜು ಬಾಗಿಲಿನಿಂದ. “ಅಗಿದು ಸಿಹಿ ಮಾಡ್ಕೊಂಡ್ರೆ ಸಾರಿನ ಮರ್ಯಾದೆ ಏನಾಗ್ಬೇಕು?”

“ತಾತ, ಕೇಳಿ ಇಲ್ಲಿ! ವಿಜ್ಞಾನಿಗಳು ಅಂಥ ಕಿಣ್ವದ ಕೆಲಸ ಮಾಡೋ ಕಣಗಳನ್ನ ಕೈಯಾರೆ ಮಾಡಿದ್ದಾರೆ. ಕಬ್ಬಿಣ, ಮ್ಯಾಂಗನೀಸ್, ಇಂಥವುಗಳಿಂದ. ಒಂದು ಕೂದಲಿನ ದಪ್ಪವನ್ನ ಸಾವಿರ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲು, ಅಷ್ಟು ಸಣ್ಣದು. ನ್ಯಾನೋ ಕಿಣ್ವ ಅಂತಾರೆ.”

“ನ್ಯಾನೋನಾ? ಸೊಸೈಟೀಲಿ ಬಾಟ್ಲಿ ಕೊಡ್ತಾರಲ್ಲ, ನ್ಯಾನೋ ಯೂರಿಯಾ, ಅದಾ? ಅದನ್ನ ಇವಳ ಕಾಲಿಗೆ ಹೊಡೀತಾರಾ?”

“ಅಯ್ಯೋ ತಾತ! ಅದು ಬೇರೆ, ಇದು ಬೇರೆ.” ಅನುಶ್ರೀ ಅಜ್ಜಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತಳು. “ಅಜ್ಜಿ, ಆಸ್ಪತ್ರೇಲಿ ನರ್ಸಮ್ಮ ನಿನ್ನ ಗಾಯಕ್ಕೆ ನೊರೆ ಬರೋ ಮದ್ದು ಹಾಕಿದ್ರಲ್ಲ? ಅಂಥದ್ದೇ ದ್ರವ ಚೂರೇ ಚೂರು ಇದ್ರೂ ಸಾಕು, ಈ ಕಣ ಅದರಿಂದ ಬೆಂಕಿಯ ಕಿಡಿ ಥರ ಹರಿತವಾದ ಆಮ್ಲಜನಕ ಎಬ್ಬಿಸುತ್ತೆ. ರೋಗಾಣು ಸುತ್ತ ಒಂದು ಲೋಳೆ ಕೋಟೆ ಇರುತ್ತೆ, ನಮ್ಮ ಶುಂಠಿ ತೊಳೆಯೋ ತೊಟ್ಟಿ ಗೋಡೆಗೆ ಜಾರುತ್ತಲ್ಲ, ಆ ಥರ. ಅದನ್ನೂ ಹರಿಯುತ್ತೆ. ರೋಗಾಣು ಮೈಗೆ ಒಂದೇ ಕಡೆಯಿಂದ ಅಲ್ಲ, ಹತ್ತು ಕಡೆಯಿಂದ ಚುಚ್ಚುತ್ತೆ. ಯಾವ ಕಡೆಗೆ ಅಂತ ಗುರಾಣಿ ಹಿಡಿಯೋದು ಹೇಳು? ಕತ್ತಲೆ ತುಂಬ ಮಿಣುಕುಹುಳ ಬಿಟ್ಟಂಗೆ!”

ವನಜಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಕೇಳಿದಳು. ಮೊಮ್ಮಗಳು ಕಥೆ ಹೇಳುವುದು ಥೇಟ್ ತನ್ನ ಅವ್ವನಂತೆಯೇ. ಆದರೆ ಅವ್ವನಂತೆಯೇ ಹುಡುಗಿ ಕೊನೆಯ ಭಾಗ ಹೇಳಲಿಲ್ಲ. ಈ ಕಣಗಳು ಇನ್ನೂ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ, ಇಲಿಗಳ ಗಾಯದ ಮೇಲೆ ಪರೀಕ್ಷೆಯಲ್ಲಿವೆ ಎಂದು ಉಪನ್ಯಾಸದ ಕೊನೆಗೆ ಸಂಶೋಧಕಿ ಹೇಳಿದ್ದರು. ಮಿಣುಕುಹುಳದ ಬೆಳಕಿನಲ್ಲಿ ಅನುಶ್ರೀಗೆ ಅದು ಮರೆತೇ ಹೋಗಿತ್ತು.

ಮರುದಿನ ಬೆಳಿಗ್ಗೆ ವನಜಮ್ಮ ಯೋಚಿಸಿದಳು. ಕಾಲು ನೋಯುತ್ತಿಲ್ಲ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ಹೇಗೂ ಹೊಸ ಮದ್ದು ಬಂದಿದೆಯಂತೆ. ಅಕಸ್ಮಾತ್ ಮತ್ತೆ ಬಂದರೆ ಅದನ್ನೇ ಹಾಕಿಸಿಕೊಂಡರಾಯಿತು. ಉಳಿದ ಎಂಟು ದಿನದ ಮಾತ್ರೆಯನ್ನು ಡಬ್ಬಿಯೊಳಗೆ ಇಟ್ಟಳು. ಇಷ್ಟು ಒಳ್ಳೆಯ ಮಾತ್ರೆ, ಬೀದಿಯಲ್ಲಿ ಯಾರಿಗಾದರೂ ಆದೀತು.

ನಾಗರಾಜು ಗದ್ದೆಯಿಂದ ಬಂದು ಕೇಳಿದಾಗಲೆಲ್ಲ “ನುಂಗ್ದೆ ನುಂಗ್ದೆ” ಎಂದಳು. ಅವನು ಕ್ಯಾಲೆಂಡರಿನ ಗೆರೆಯ ಮೇಲೆ ಅಡ್ಡಗೆರೆ ಹಾಕುತ್ತಾ ಹೋದ.

ಮಾತ್ರೆ ಬಿಟ್ಟ ಐದನೇ ದಿನ ಮಧ್ಯಾಹ್ನ ಅವಳಿಗೆ ಚಳಿ ಜ್ವರ ಬಂತು. ಕಾಲು ಮೊಣಕಾಲಿನವರೆಗೆ ಕೆಂಪಾಗಿ ಊದಿಕೊಂಡಿತು. ಆಟೋದಲ್ಲಿ ಕುಶಾಲನಗರಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮಡಿಕೇರಿಗೆ. ಆನೆಕಾಡು ದಾಟುವಾಗ ಅವಳು ಗಂಡನ ಕೈ ಹಿಡಿದು ಒಂದೇ ಮಾತು ಕೇಳಿದಳು: “ಕಾಲು ತೆಗೀತಾರಾ?”

ನಾಗರಾಜು ಅವಳ ಕಾಲಿನ ಹೊದಿಕೆ ಸರಿಪಡಿಸಿದ. ಮದುವೆಯ ದಿನ ಅವಳ ಪಾದವನ್ನು ಒರಳುಗಲ್ಲಿನ ಮೇಲೆ ಇಟ್ಟು ತಾನೇ ಕಾಲುಂಗುರ ತೊಡಿಸಿದ್ದು ನೆನಪಾಯಿತು. ಆ ಬೆರಳನ್ನೇ ನೋಡುತ್ತಾ ಕುಳಿತ.

ಕಾಲು ತೆಗೆಯಲಿಲ್ಲ. ಕಿರುಬೆರಳು ತೆಗೆದರು. ಚೀಟಿಯಲ್ಲಿದ್ದ ಎರಡು ಔಷಧಿಗಳಲ್ಲಿ ಕೊನೆಯದನ್ನು ಸೂಜಿಯ ಮೂಲಕ ಕೊಡಲು ಶುರುಮಾಡಿದರು. ಅದಾದ ಮೇಲೆ ಕೊಡಲು ಬೇರೆ ಇರಲಿಲ್ಲ.

ಮಾತ್ರೆ ಯಾಕೆ ಬಿಟ್ಟಳೆಂದು ಅಜ್ಜಿಯ ಬಾಯಿಂದಲೇ ಕೇಳಿದ ಅನುಶ್ರೀ ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಅತ್ತಳು. “ನನ್ನಿಂದ ಅಜ್ಜಿ. ನಾನು ಅರ್ಧ ಕಥೆ ಹೇಳಿದೆ. ಆ ಹೊಸ ಮದ್ದು ಇನ್ನೂ ಯಾವ ಅಂಗಡೀಲೂ ಇಲ್ಲ, ಯಾವ ಆಸ್ಪತ್ರೇಲೂ ಇಲ್ಲ. ರೋಗಾಣುಗೆ ಚುಚ್ಚೋ ಕಿಡಿ ನಮ್ಮ ಒಳ್ಳೇ ಮಾಂಸಕ್ಕೂ ಚುಚ್ಚುತ್ತಾ, ಆ ಕಣ ಮೈಯೊಳಗೆ ಎಷ್ಟು ದಿನ ಇರುತ್ತೆ, ಎಲ್ಲಿ ಹೋಗಿ ಸೇರುತ್ತೆ, ಅದನ್ನೆಲ್ಲ ಇನ್ನೂ ನೋಡ್ತಾನೇ ಇದ್ದಾರೆ. ವರ್ಷಗಟ್ಟಲೆ ಆಗ್ಬಹುದು ಅಂದಿದ್ರು. ನಾನು ಹೇಳಲೇ ಇಲ್ಲ.”

ವನಜಮ್ಮ ಮೊಮ್ಮಗಳ ತಲೆ ಸವರಿದಳು. “ನೀನು ಅರ್ಧ ಕಥೆ ಹೇಳ್ದೆ. ನಾನು ಅರ್ಧ ಮಾತ್ರೆ ನುಂಗ್ದೆ. ಸರಿಹೋಯ್ತು ಬುಡು. ನೋಡು, ಕಾಲುಂಗುರದ ಬೆರಳು ಉಳ್ಕೊಂಡದೆ. ನಿಮ್ಮ ತಾತಂಗೆ ಅದೇ ಚಿಂತೆ ಆಗಿತ್ತು, ನಂಗೊತ್ತು.”

“ಚಿಂತೆ ಯಾರಿಗೆ? ಉಂಗುರ ಗಟ್ಟಿ ಬೆಳ್ಳೀದು ಅಂತ ನೋಡ್ದೆ ಅಷ್ಟೇಯ” ಎಂದ ನಾಗರಾಜು. ಹೇಳಿದವನು ಕಿಟಕಿಯ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡ.

ಮನೆಗೆ ಬಂದ ಮೇಲೆ ಅದೇ ಔಷಧಿ ಮಾತ್ರೆಯ ರೂಪದಲ್ಲಿ ಮುಂದುವರಿಯಿತು. ಈ ಸಲ ಕ್ಯಾಲೆಂಡರಿನ ಮೇಲೆ ವನಜಮ್ಮ ತಾನೇ ಗೆರೆ ಹೊಡೆದಳು, ನುಂಗಿ ನೀರು ಕುಡಿದ ಮೇಲೆ. ಹೊಟ್ಟೆ ತೊಳಸಿದಾಗ ಮಾತ್ರೆ ಬಿಡದೆ ವಿನುತಾಗೆ ಫೋನ್ ಮಾಡಿಸಿದಳು. ಡಾಕ್ಟರಮ್ಮನನ್ನು ಕೇಳಿ, ಊಟವಾದ ಮೇಲೆ ನುಂಗಲು ವಿನುತಾ ಹೇಳಿದಳು. ತೊಳಸುವುದು ಕಡಿಮೆಯಾಯಿತು. ಇಷ್ಟು ಸುಲಭವೇ ಎಂದು ವನಜಮ್ಮನಿಗೆ ನಾಚಿಕೆಯಾಯಿತು.

ಒಂದು ದಿನ ಪಕ್ಕದ ಮನೆಯ ಶಕುಂತಲಮ್ಮ ಬಂದಳು. “ವನಜಕ್ಕ, ಮೊಮ್ಮಗನಿಗೆ ನೆಗಡಿ ಕಣ್ರೀ. ಮೂಗು ಸೋರ್ತಾ ಇದೆ. ಆ ಕೆಂಪು-ಕಪ್ಪು ಮಾತ್ರೆ ಒಂದೆರಡು ಕೊಡಿ.”

ವನಜಮ್ಮ ಅಟ್ಟದ ಕಡೆ ನೋಡಿದಳು. ಐವತ್ತು ವರ್ಷದ ರೂಢಿ. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ?

“ಕೊಡಲ್ಲ ಶಕುಂತಲಾ.”

“ಅಯ್ಯೋ, ಎರಡು ಮಾತ್ರೆಗೆ ಜಿಪುಣತನನಾ?”

“ಜಿಪುಣತನ ಅಲ್ಲ ಕಣೆ. ನೆಗಡಿ ತರೋ ಕ್ರಿಮಿಗೆ ಈ ಮಾತ್ರೆ ನಾಟೋದೇ ಇಲ್ವಂತೆ. ಆದ್ರೆ ಮಗು ಮೈಲಿರೋ ಬೇರೆ ರೋಗಾಣು ಎಲ್ಲ ಅದನ್ನ ನೋಡಿ ಕಲಿತ್ಕೊಳ್ತವೆ. ನಾಳೆ ಆ ಮಗೀಗೆ ನಿಜವಾಗ್ಲೂ ಬೇಕಾದಾಗ ಮದ್ದು ಹಿಡಿಯಲ್ಲ. ಇಲ್ಲಿ ನೋಡು.” ವನಜಮ್ಮ ಸೀರೆ ಸ್ವಲ್ಪ ಎತ್ತಿ ನಾಲ್ಕು ಬೆರಳಿನ ಕಾಲು ತೋರಿಸಿದಳು.

ಶಕುಂತಲಮ್ಮ ಆ ಕಾಲನ್ನು ನೋಡಿ ಹೊರಡಲು ತಿರುಗಿದಳು.

“ಬರಿಗೈಲಿ ಹೋಗ್ಬ್ಯಾಡ. ಶುಂಠಿ ತಗೊಂಡೋಗು, ಕಷಾಯ ಮಾಡ್ಕೊಂಡು ನೀನೂ ಕುಡಿ. ಮಗೀಗೆ ಬಿಸಿಬಿಸಿ ಗಂಜಿ ಕೊಡು. ಉಸಿರು ಎಳ್ಕೊಂಡ್ರೆ, ಜ್ವರ ಬಂದ್ರೆ ವಿನುತಾ ಹತ್ರ ಓಡು, ನನ್ನ ಹತ್ರ ಬರ್ಬ್ಯಾಡ. ನಾನೇನ್ ಡಾಕ್ಟರಾ? ಡಬ್ಬಿ ಇದ್ದೋರೆಲ್ಲ ಡಾಕ್ಟರಾದ್ರೆ ಬಿಸ್ಕತ್ ಅಂಗಡಿಯೋನು ಯಾವಾಗ್ಲೋ ಸರ್ಜನ್ ಆಗಿರೋನು!”

ಶಕುಂತಲಮ್ಮ ನಗುತ್ತಾ ಮಡಿಲಲ್ಲಿ ಶುಂಠಿ ಹಾಕಿಕೊಂಡು ಹೋದಳು.

ಕೊನೆಯ ಮಾತ್ರೆ ನುಂಗಿ, ಡಾಕ್ಟರಮ್ಮ ಕಾಲು ನೋಡಿ “ಒಣಗಿದೆ” ಎಂದ ಮರುದಿನ ಬೆಳಿಗ್ಗೆ ವನಜಮ್ಮ ಡಬ್ಬಿ ಇಳಿಸಿದಳು. ಮೃದುವಾದ ಚಪ್ಪಲಿ ಮೆಟ್ಟಿದಳು. ನಾಗರಾಜು ಬೈಕ್ ತೆಗೆದ.

“ಬ್ಯಾಡ. ನಡ್ಕೊಂಡು ಹೋಗ್ತೀನಿ ಅಂತ ಭಾಷೆ ಕೊಟ್ಟಿವ್ನಿ.”

ಅನುಶ್ರೀ ಜೊತೆಗೆ ಹೊರಟಳು. ಕಾಲುವೆ ದಂಡೆಯ ದಾರಿ. ಡಬ್ಬಿಯೊಳಗೆ ಮಾತ್ರೆಗಳು ಹೆಜ್ಜೆಗೊಮ್ಮೆ ಗಲಗಲ ಎನ್ನುತ್ತಿದ್ದವು. ವನಜಮ್ಮ ನಿಧಾನವಾಗಿ, ಕಿರುಬೆರಳಿಲ್ಲದ ಪಾದ ಎಲ್ಲಿ ಊರಬೇಕೆಂದು ಹೊಸದಾಗಿ ಕಲಿಯುತ್ತಾ ನಡೆದಳು.

“ಮಗ, ಆ ಕಮ್ಮಾರ ಏನಂದ ಅಂತ ಆಸ್ಪತ್ರೇಲಿ ಮಲ್ಗಿದ್ದಾಗ ನಂಗೆ ಹೊಳೀತು.”

“ಏನಂದ ಅಜ್ಜಿ?”

“‘ಹೊಸ ಆಯುಧ ಮಾಡ್ತೀನವ್ವ, ಆದ್ರೆ ಹೊತ್ತಾಗುತ್ತೆ. ಕಿಡಿಯಿಂದ್ಲೇ ಕಟ್ಬೇಕು ಅದನ್ನ, ಕಳ್ಳನ್ನ ಸುಡ್ಬೇಕು, ಊರ ಸುಡ್ಬಾರ್ದು. ಅಲ್ಲೀಗಂಟ ಹಳೇ ಕತ್ತಿ ಜೋಪಾನ. ಅದ್ರಲ್ಲಿ ಕುಂಬಳಕಾಯಿ ಹೆಚ್ಚಬ್ಯಾಡಿ. ಕಾಗೆ ಓಡಿಸ್ಬ್ಯಾಡಿ. ಒರೆಯಿಂದ ತೆಗೆದ್ರೋ, ಅರ್ಧ ದಾರೀಲಿ ಊಟಕ್ಕೆ ವಾಪಸ್ ಬರ್ಬ್ಯಾಡಿ.’ ಅಷ್ಟು ಹೇಳಿ ತಿದಿ ಒತ್ತೋಕೆ ಕೂತ್ಕೊಂಡ. ಇನ್ನೂ ಒತ್ತುತಾನೇ ಅವ್ನೆ.”

ಅನುಶ್ರೀ ಅಜ್ಜಿಯ ಸೆರಗು ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದಂತೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಸಂಘದಲ್ಲಿ ಕುಳಿತು ಕೇಳುತ್ತಿರುವ ಅಮ್ಮಂದಿರೇ, ವನಜಮ್ಮ ಉಪಕೇಂದ್ರ ಮುಟ್ಟಲು ಇನ್ನೂ ಒಂದಿಷ್ಟು ಹೊತ್ತಿದೆ. ಅಷ್ಟರಲ್ಲಿ ನಿಮ್ಮ ಮನೆಯ ಅಟ್ಟವನ್ನೂ, ಕಪಾಟನ್ನೂ ಒಮ್ಮೆ ನೋಡಿ. ಅಲ್ಲೊಂದು ಡಬ್ಬಿ ಇದ್ದೀತು. ಅದರಲ್ಲಿರುವುದನ್ನು ನೀವಾಗಿಯೇ ನುಂಗಬೇಡಿ, ಬಿಚ್ಚಿ ಗಾಯಕ್ಕೆ ಉದುರಿಸಬೇಡಿ, ಪ್ರೀತಿಯಿಂದಲೂ ಪಕ್ಕದ ಮನೆಗೆ ಕೊಡಬೇಡಿ. ತಿಪ್ಪೆಗೂ ಕಾಲುವೆಗೂ ಎಸೆಯಬೇಡಿ, ಏನು ಮಾಡಬೇಕೆಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಡಾಕ್ಟರು ಎಷ್ಟು ದಿನ ಎಂದಿದ್ದಾರೋ ಅಷ್ಟು ದಿನ ನುಂಗಿ. ಒಗ್ಗದಿದ್ದರೆ ಅವರನ್ನೇ ಕೇಳಿ, ನೀವೇ ನಿಲ್ಲಿಸಬೇಡಿ. ಮಾಗದ ಗಾಯವನ್ನು ಮುಚ್ಚಿಡಬೇಡಿ. ಸಂತೆಯಲ್ಲಿ, ಮೊಬೈಲಿನಲ್ಲಿ ಯಾರಾದರೂ ‘ನ್ಯಾನೋ ಮದ್ದು’ ಎಂದು ಬಾಟಲಿ ತೋರಿಸಿದರೆ ಡಾಕ್ಟರನ್ನು ಕೇಳದೆ ಕೊಳ್ಳಬೇಡಿ. ಕಮ್ಮಾರ ಇನ್ನೂ ಕುಲುಮೆಯ ಮುಂದೆಯೇ ಇದ್ದಾನೆ. ಅವನ ಕೆಲಸ ಮುಗಿಯುವವರೆಗೆ ಊರಬಾಗಿಲ ಕತ್ತಿಯ ಕಾವಲು ನಮ್ಮದು.

ಅಗೋ, ಅವಳು ಉಪಕೇಂದ್ರದ ಮೆಟ್ಟಿಲು ಹತ್ತುತ್ತಿದ್ದಾಳೆ. ಬಲಗಾಲು, ಆಮೇಲೆ ಎಡಗಾಲು. ವಿನುತಾ ಬರೆಯುವುದನ್ನು ನಿಲ್ಲಿಸಿ ಎದ್ದು ನಿಂತಳು.

“ತಗೋವ್ವ” ಎಂದು ವನಜಮ್ಮ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು.